ಗೋಡೆಯ ಮೇಲೆ ಯಾರ ಹೆಸರು: ಆಧುನಿಕ ಯುದ್ಧಗಳ ನೆನಪಿನಲ್ಲಿ ಉಳಿದವರು, ಬಿಟ್ಟುಹೋದವರು

ಇರಾಕಿನ ಬಸ್ರಾದ ಹೊರಗೆ ಮೊದಲನೆಯ ಮಹಾಯುದ್ಧದ ಒಂದು ಸ್ಮಾರಕವಿದೆ. 1914ರಿಂದ 1921ರವರೆಗೆ ಮೆಸಪೊಟೇಮಿಯದ ರಣರಂಗದಲ್ಲಿ ಸತ್ತು, ಗೋರಿಯ ಗುರುತೂ ಉಳಿಯದೆ ಹೋದ 40,000ಕ್ಕೂ ಹೆಚ್ಚು ಮಂದಿಗಾಗಿ ಬ್ರಿಟಿಷ್ ಸಾಮ್ರಾಜ್ಯ ಕಟ್ಟಿಸಿದ ಸ್ಮಾರಕ ಅದು. ಅದರ ಫಲಕಗಳಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿವೆ. ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಸತ್ತವರಲ್ಲಿ ದೊಡ್ಡ ಪಾಲಾಗಿದ್ದ ಭಾರತೀಯ ಸಿಪಾಯಿಗಳ ಹೆಸರು ಮಾತ್ರ ಕಲ್ಲಿನ ಮೇಲೆ ಬರಲಿಲ್ಲ. ಅವರವರ ರೆಜಿಮೆಂಟಿನ ಹೆಸರನ್ನು ಬರೆದು, ಅದರ ಜೊತೆಗೆ ಇಷ್ಟು ಜನ ಸತ್ತರು ಎಂಬ ಲೆಕ್ಕವನ್ನಷ್ಟೇ ಕೆತ್ತಲಾಯಿತು. ಯುದ್ಧದಲ್ಲಿ ಮಡಿದವರನ್ನು ಸಮಾಜಗಳು ಹೇಗೆ ನೆನೆಯುತ್ತವೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ. ಒಂದೇ ಸೈನ್ಯದಲ್ಲಿ, ಒಂದೇ ಆಜ್ಞೆಯ ಮೇರೆಗೆ, ಒಂದೇ ಮರುಭೂಮಿಯಲ್ಲಿ ಸತ್ತವರಲ್ಲಿ ಒಬ್ಬ ಹೆಸರಾಗಿ ಉಳಿದ, ಇನ್ನೊಬ್ಬ ಲೆಕ್ಕಕ್ಕೆ ಸೇರಿದ.

ಇದು ಯಾವುದೋ ಗುಮಾಸ್ತನ ಅಲಕ್ಷ್ಯದಿಂದ ಆದದ್ದಲ್ಲವೆಂಬುದು ಈಗ ಅಧಿಕೃತವಾಗಿಯೇ ಒಪ್ಪಿತವಾಗಿದೆ. ಸಾಮ್ರಾಜ್ಯದ ಯುದ್ಧಸಮಾಧಿಗಳ ಆಯೋಗ 1917ರಲ್ಲಿ ಸ್ಥಾಪನೆಯಾದಾಗ ಅದು ಕೆಲವು ತತ್ತ್ವಗಳನ್ನು ಒಪ್ಪಿಕೊಂಡಿತ್ತು: ಸತ್ತ ಪ್ರತಿಯೊಬ್ಬನನ್ನೂ ಹೆಸರಿನಿಂದ ಗುರುತಿಸಬೇಕು, ಹುದ್ದೆ, ಜನಾಂಗ, ಧರ್ಮಗಳ ಭೇದವಿಲ್ಲದೆ ಎಲ್ಲರಿಗೂ ಸಮಾನವಾದ ಸ್ಮರಣೆ ಸಲ್ಲಬೇಕು, ಸ್ಮಾರಕಗಳು ಶಾಶ್ವತವಾಗಿರಬೇಕು. ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಈ ತತ್ತ್ವಗಳು ಬಹುಮಟ್ಟಿಗೆ ಪಾಲನೆಯಾದವು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಒಂದೊಂದಾಗಿ ಕೆತ್ತಲಾಗಿದೆ. ಅವರಲ್ಲಿ ಕೂಲಿ ಪಡೆಯವರೂ ಇದ್ದಾರೆ. ಯುರೋಪಿನ ಆಚೆಗೆ, ಮೆಸಪೊಟೇಮಿಯ, ಈಜಿಪ್ಟ್ ಮತ್ತು ಪೂರ್ವ ಆಫ್ರಿಕಾಗಳಲ್ಲಿ, ಅದೇ ಆಯೋಗ ಅದೇ ತತ್ತ್ವವನ್ನು ಕೈಬಿಟ್ಟಿತು. ಅಲ್ಲಿನ ಜನರಿಗೆ ಸಮಾಧಿಕಲ್ಲಿನ ಬೆಲೆ ತಿಳಿಯದು ಎಂಬಂಥ ಮಾತುಗಳನ್ನು ಅಂದಿನ ವಸಾಹತು ಅಧಿಕಾರಿಗಳು ಕಡತಗಳಲ್ಲಿ ಬರೆದಿಟ್ಟಿದ್ದಾರೆ.

ಈ ಆಯೋಗವೇ ಇಂದಿನ ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗ. 2021ರ ಏಪ್ರಿಲ್‌ನಲ್ಲಿ ಅದರದೇ ವಿಶೇಷ ಸಮಿತಿ ವರದಿಯೊಂದನ್ನು ಪ್ರಕಟಿಸಿತು. ಭಾರತೀಯರು, ಪೂರ್ವ ಮತ್ತು ಪಶ್ಚಿಮ ಆಫ್ರಿಕಾದವರು, ಈಜಿಪ್ಟಿನವರು ಹಾಗೂ ಸೊಮಾಲಿಗಳು ಸೇರಿದಂತೆ 45,000ದಿಂದ 54,000 ಮಂದಿಗೆ ಸಮಾನವಲ್ಲದ ಸ್ಮರಣೆ ಸಂದಿದೆ ಎಂದೂ, ಕನಿಷ್ಠ 1,16,000 ಮಂದಿಯನ್ನು, ಬಹುಶಃ 3,50,000 ಮಂದಿಯವರೆಗೂ, ಹೆಸರಿಸಿಯೇ ಇಲ್ಲ ಅಥವಾ ಯಾವ ರೀತಿಯಲ್ಲೂ ಸ್ಮರಿಸಿಯೇ ಇಲ್ಲ ಎಂದೂ ಆ ವರದಿ ಹೇಳಿತು. ಹೀಗೆ ಹೆಸರಿಲ್ಲದೆ ಹೋದವರಲ್ಲಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರೇ ಹೆಚ್ಚು. ಆಯೋಗ ಕ್ಷಮೆ ಕೇಳಿತು. ಬ್ರಿಟಿಷ್ ಸಂಸತ್ತಿನಲ್ಲಿ ರಕ್ಷಣಾ ಸಚಿವರೂ ಕ್ಷಮೆ ಕೇಳಿದರು. ನೂರು ವರ್ಷಗಳ ಮೇಲೆ ಬಂದ ಈ ಕ್ಷಮೆಯಿಂದ ಏನಾಯಿತು ಎಂದು ಕೇಳಬಹುದು. ನನ್ನ ಮಟ್ಟಿಗೆ ಅದರ ಬೆಲೆ ಇರುವುದು ಮುಂದೆ ನಡೆಯುತ್ತಿರುವ ಹುಡುಕಾಟದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಸಾಮಾನ್ಯ ಸೈನಿಕನ ಹೆಸರನ್ನು ಕಲ್ಲಿನ ಮೇಲೆ ಬರೆಯುವುದು ಯುರೋಪಿನಲ್ಲಿ ಬಹುಮಟ್ಟಿಗೆ ಹೊಸ ಪದ್ಧತಿ. ಅದಕ್ಕೆ ಮುಂಚೆ ಅಲ್ಲಿನ ದೊಡ್ಡ ಯುದ್ಧಸ್ಮಾರಕಗಳು ಹೆಚ್ಚಾಗಿ ದೊರೆಗಳಿಗೆ ಮತ್ತು ಸೇನಾನಿಗಳಿಗೆ ಮೀಸಲಾಗಿದ್ದವು. ಲಕ್ಷಾಂತರ ನಾಗರಿಕರನ್ನು ಸೈನಿಕರನ್ನಾಗಿಸಿ, ಮನೆಮನೆಯಿಂದ ಮಕ್ಕಳನ್ನು ಕರೆದೊಯ್ದ ಸರ್ಕಾರಗಳು ಆ ಮನೆಗಳಿಗೆ ಉತ್ತರ ಹೇಳಬೇಕಾಗಿ ಬಂದಾಗ ಹೆಸರುಗಳ ಗೋಡೆಗಳು ಎದ್ದವು. ಕನ್ನಡ ನಾಡಿನಲ್ಲಾದರೆ ಈ ರೂಢಿ ಸಾವಿರ ವರ್ಷಕ್ಕೂ ಹಳೆಯದು. ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವನಿಗೆ, ಊರಳಿವಿನಲ್ಲಿ ಸತ್ತವನಿಗೆ, ಒಡೆಯನ ಜೊತೆ ದಂಡಿಗೆ ಹೋದವನಿಗೆ ವೀರಗಲ್ಲು ನಿಲ್ಲಿಸಿ, ಅವನ ಹೆಸರು, ಅವನು ಎಲ್ಲಿ ಯಾರೊಡನೆ ಕಾದಿದ ಎಂಬುದನ್ನು ಬರೆಸುವುದು ಇಲ್ಲಿನ ಪದ್ಧತಿಯಾಗಿತ್ತು. ಬೆಂಗಳೂರಿನ ಹೆಸರು ಮೊದಲು ಕಾಣಿಸುವುದೇ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಒಂದು ಶಾಸನದಲ್ಲಿ. ಬೆಂಗಳೂರು ಕಾಳಗದಲ್ಲಿ ಸತ್ತವನನ್ನು ಅದು ಹೆಸರಿಸಿ ನೆನೆಯುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಹೆಸರು ಹಿಡಿದು ಸ್ಮರಿಸುತ್ತದೆ, ಆ ಕಲ್ಲಿನ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಡುತ್ತದೆ.

ಈ ಪರಂಪರೆಯನ್ನು ಬರಿಯ ಹೆಮ್ಮೆಗಾಗಿ ಎತ್ತಿಕೊಳ್ಳುವುದು ಸರಿಯಲ್ಲ. ವೀರಗಲ್ಲು ಒಡೆಯನ ಮೇಲಿನ ನಿಷ್ಠೆಯನ್ನು ಕೊಂಡಾಡುವ ಕಲ್ಲೂ ಹೌದು. ಅದರ ಪಕ್ಕದಲ್ಲೇ ಎಷ್ಟೋ ಕಡೆ ನಿಂತಿರುವ, ಸತಿ ಹೋದವಳ ನೆನಪಿನ ಮಾಸ್ತಿಕಲ್ಲು ಹೆಂಡತಿ ತೆತ್ತ ಬೆಲೆಯನ್ನು ವೈಭವದ ಹೆಸರಿನಲ್ಲಿ ಮುಚ್ಚಿಡುತ್ತದೆ. ಆದರೂ ಅದರಲ್ಲಿ ಇಂದಿನ ಸ್ಮಾರಕಗಳಲ್ಲಿ ಕಾಣದ ಒಂದು ಅಂಶವಿದೆ. ಎಷ್ಟೋ ಶಾಸನಗಳು ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯ ವಿವರವನ್ನು, ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂದು ಹೆಸರಿಸಿ, ಅದೇ ಕಲ್ಲಿನ ಮೇಲೆ ದಾಖಲಿಸುತ್ತವೆ. ಸತ್ತವನ ಹೆಸರೂ ಉಳಿದವರ ಅನ್ನವೂ ಒಂದೇ ಶಾಸನದಲ್ಲಿ ಸೇರಿದ್ದವು. ಇಂದು ಹೆಸರು ರಾಜಧಾನಿಯ ಗೋಡೆಯ ಮೇಲಿರುತ್ತದೆ, ಪಿಂಚಣಿಯ ಕಡತ ಒಂದು ಇಲಾಖೆಯಲ್ಲಿ, ಸರ್ಕಾರ ಘೋಷಿಸಿದ ನಿವೇಶನದ ಕಡತ ಇನ್ನೊಂದು ಇಲಾಖೆಯಲ್ಲಿರುತ್ತದೆ. ಗೋಡೆಗೆ ಪ್ರತಿವರ್ಷ ಹೂವು ಬೀಳುವುದು ತಪ್ಪುವುದಿಲ್ಲ. ಕಡತ ಎಲ್ಲಿಗೆ ಬಂತು ಎಂದು ವಿಚಾರಿಸುವ ಹೊಣೆ ಮಾತ್ರ ಆ ಮನೆಯ ಹೆಣ್ಣುಮಗಳ ಪಾಲಿಗೆ ಉಳಿಯುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಕನ್ನಡ ನಾಡಿನ ಪಾಲೂ ಇದೆ. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧವೆಚ್ಚಕ್ಕೆಂದು 50 ಲಕ್ಷ ರೂಪಾಯಿ ನೀಡಿದರು. ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಹೋಗಿ ಸುಯೆಜ್ ಕಾಲುವೆಯನ್ನು ಕಾಯಿತು, ಮುಂದೆ ಪ್ಯಾಲೆಸ್ಟೈನಿನಲ್ಲಿ ಕಾದಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಒಟ್ಟೋಮನ್ ಮತ್ತು ಜರ್ಮನ್ ಪಡೆಗಳಿಂದ ಗೆದ್ದುಕೊಂಡದ್ದು ಜೋಧಪುರ ಮತ್ತು ಮೈಸೂರಿನ ಅಶ್ವಾರೋಹಿಗಳು. ಮೆಷಿನ್ ಗನ್ನುಗಳಿಗೆ ಎದುರಾಗಿ ಈಟಿ ಕತ್ತಿ ಹಿಡಿದು ಕುದುರೆಯ ಮೇಲೆ ನುಗ್ಗಿದ ಈ ದಾಳಿಯಲ್ಲಿ 8 ಮಂದಿ ಸತ್ತು 34 ಮಂದಿ ಗಾಯಗೊಂಡರು. 60 ಕುದುರೆಗಳು ಸತ್ತವು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಅಶ್ವದಳಗಳ ಪ್ರತಿನಿಧಿಗಳು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ನೆನಪಿನ ಸ್ಮಾರಕವಿದೆ.

ಹೈಫಾದ ಈ ನೆನಪು ನಡೆದು ಬಂದ ದಾರಿ ಗಮನಿಸಬೇಕಾದದ್ದು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸೇನೆಯ ಒಳಗೆ ಮತ್ತು ಕೆಲವು ಕುಟುಂಬಗಳಲ್ಲಿ ಅದು ಉಳಿದಿತ್ತಾದರೂ ಸಾರ್ವಜನಿಕರಿಗೆ ಅದರ ಅರಿವು ಕಡಿಮೆ. ಬೇರೊಬ್ಬರ ಸಾಮ್ರಾಜ್ಯಕ್ಕಾಗಿ ಕಾದಾಡಿದವರನ್ನು ಹೇಗೆ ನೆನೆಯಬೇಕೆಂಬುದು ಸ್ವಾತಂತ್ರ್ಯ ಹೋರಾಟದ ಕಥನದಲ್ಲಿ ಬೆಳೆದ ದೇಶಕ್ಕೆ ಇಕ್ಕಟ್ಟಿನ ಪ್ರಶ್ನೆಯೇ ಆಗಿತ್ತು. ಭಾರತ ಮತ್ತು ಇಸ್ರೇಲ್ ಸಂಬಂಧ ಗಟ್ಟಿಯಾದಂತೆ ಹೈಫಾ ಮತ್ತೆ ಮುನ್ನೆಲೆಗೆ ಬಂತು. 2018ರ ಜನವರಿಯಲ್ಲಿ, ಇಸ್ರೇಲಿನ ಪ್ರಧಾನಿ ದೆಹಲಿಗೆ ಬಂದಿದ್ದಾಗ, ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಡಲಾಯಿತು. ಮರೆತವರನ್ನು ನೆನೆದದ್ದು ಒಳ್ಳೆಯದೇ. ಆದರೆ ಅದೇ ಯುದ್ಧದಲ್ಲಿ ಬಸ್ರಾದ ಕಡೆ, ಕೂತ್‌ನ ಮುತ್ತಿಗೆಯಲ್ಲಿ, ಪೂರ್ವ ಆಫ್ರಿಕಾದ ಕಾಡುಗಳಲ್ಲಿ ಜ್ವರ ಹಸಿವುಗಳಿಂದ ಸತ್ತ ಸಾವಿರಾರು ಭಾರತೀಯರಿಗೆ ಇಂಥ ಮರುಜನ್ಮ ಸಿಗಲಿಲ್ಲ. ಅಲ್ಲಿ ಗೆಲುವಿನ ಕಥೆ ಇರಲಿಲ್ಲ, ಅಥವಾ ಇಂದಿನ ರಾಜತಾಂತ್ರಿಕತೆಗೆ ಆ ಕಥೆಯ ಅಗತ್ಯ ಇರಲಿಲ್ಲ. ಯಾವ ಸಾವು ಯಾವಾಗ ನೆನಪಾಗುತ್ತದೆ ಎಂಬುದನ್ನು ಸತ್ತವರ ಶೌರ್ಯಕ್ಕಿಂತ ಬದುಕಿರುವವರ ಅಗತ್ಯ ಹೆಚ್ಚು ನಿರ್ಧರಿಸುತ್ತದೆ ಎಂಬುದಕ್ಕೆ ಹೈಫಾ ಮತ್ತು ಬಸ್ರಾಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಕು.

ಸ್ಮಾರಕವೂ ಯುದ್ಧಕ್ಕೆ ಬಲಿಯಾಗಬಹುದು. ಸುಯೆಜ್ ಕಾಲುವೆಯ ದಕ್ಷಿಣದ ತುದಿಯ ಪೋರ್ಟ್ ತೌಫಿಕ್‌ನಲ್ಲಿ 1926ರಲ್ಲಿ ಭಾರತೀಯ ಸೈನಿಕರ ಸ್ಮಾರಕವೊಂದು ಅನಾವರಣಗೊಂಡಿತ್ತು. 1967ರಿಂದ 1973ರವರೆಗೆ ಕಾಲುವೆಯ ಎರಡೂ ದಡಗಳಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ನಡೆಸಿದ ಕಾಳಗಗಳಲ್ಲಿ ಅದು ನಾಶವಾಯಿತು. ಅಲ್ಲಿದ್ದವರ ಸ್ಮರಣೆಗೆ 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ಸಮಾಧಿಭೂಮಿಯಲ್ಲಿ ಬೇರೆ ಜಾಗ ಕೊಡಬೇಕಾಯಿತು. ಬಸ್ರಾದ ಸ್ಮಾರಕವನ್ನಂತೂ ಸದ್ದಾಂ ಹುಸೇನ್ ಸರ್ಕಾರ 1997ರಲ್ಲಿ ಕಳಚಿ, ನಾಸಿರಿಯಾ ಕಡೆಯ ರಸ್ತೆಯಲ್ಲಿ ದೂರಕ್ಕೆ, ಕೊಲ್ಲಿ ಯುದ್ಧ ನಡೆದ ನೆಲದ ನಡುವೆ ಮತ್ತೆ ಜೋಡಿಸಿತು.

ದೆಹಲಿಯ ಇಂಡಿಯಾ ಗೇಟ್ ಈ ಇಡೀ ಇತಿಹಾಸವನ್ನು ಒಂದೇ ಕಟ್ಟಡದಲ್ಲಿ ಕಂಡಿದೆ. 1921ರಲ್ಲಿ ಅಡಿಗಲ್ಲು ಹಾಕಿ 1931ರಲ್ಲಿ ಅನಾವರಣಗೊಳಿಸಿದ ಆ ಕಮಾನು ಮೊದಲನೆಯ ಮಹಾಯುದ್ಧ ಮತ್ತು ಮೂರನೆಯ ಆಫ್ಘನ್ ಯುದ್ಧದಲ್ಲಿ ಸತ್ತವರ ಸ್ಮಾರಕ. ಆ ಮಹಾಯುದ್ಧಕ್ಕೆ ಭಾರತದಿಂದ ಹೋದವರು, ಸೈನಿಕರೂ ಇತರ ಕೆಲಸಗಾರರೂ ಸೇರಿ, 13 ಲಕ್ಷಕ್ಕೂ ಹೆಚ್ಚು. ಸತ್ತವರು 70,000ಕ್ಕೂ ಹೆಚ್ಚು. ಗೋಡೆಗಳ ಮೇಲೆ ಕೆತ್ತಿರುವ ಹೆಸರುಗಳು 13,000ದಷ್ಟು, ಅವುಗಳಲ್ಲಿ ಎಷ್ಟೋ ಕೆಳಗೆ ನಿಂತವರ ಕಣ್ಣಿಗೆ ನಿಲುಕದ ಎತ್ತರದಲ್ಲಿವೆ. ಸಾಮ್ರಾಜ್ಯದ ಈ ಸ್ಮಾರಕಕ್ಕೆ ಸ್ವತಂತ್ರ ಭಾರತ ತನ್ನದೇ ಅರ್ಥ ಕೊಟ್ಟಿತು. 1971ರ ಯುದ್ಧದ ಬಳಿಕ, 1972ರ ಗಣರಾಜ್ಯೋತ್ಸವದಂದು, ಕಮಾನಿನ ಅಡಿಯಲ್ಲಿ ಅಮರ್ ಜವಾನ್ ಜ್ಯೋತಿ ಬೆಳಗಿತು. ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಅದರ ಮೇಲೊಂದು ಶಿರಸ್ತ್ರಾಣ, ಪಕ್ಕದಲ್ಲಿ ಉರಿಯುವ ಜ್ವಾಲೆ: ಐವತ್ತು ವರ್ಷ ದೇಶದ ಜನ ಯುದ್ಧದ ನೆನಪೆಂದು ಮನಸ್ಸಿನಲ್ಲಿ ಇಟ್ಟುಕೊಂಡ ಚಿತ್ರ ಅದು. 2022ರ ಜನವರಿ 21ರಂದು ಆ ಜ್ಯೋತಿಯನ್ನು ಹತ್ತಿರದ ರಾಷ್ಟ್ರೀಯ ಯುದ್ಧಸ್ಮಾರಕದ ಜ್ಯೋತಿಯಲ್ಲಿ ವಿಲೀನಗೊಳಿಸಿದಾಗ ಕೆಲವರು ವಸಾಹತುಶಾಹಿಯ ನೆರಳು ಕಳೆಯಿತೆಂದರು, ಇನ್ನು ಕೆಲವರು 1971ರ ಯೋಧರ ಜ್ಯೋತಿಯನ್ನು ಆರಿಸಲಾಯಿತೆಂದು ನೊಂದುಕೊಂಡರು. ಎರಡೂ ಕಡೆಯವರಿಗೆ ಆ ಬೆಂಕಿ ಬರಿಯ ಬೆಂಕಿಯಾಗಿರಲಿಲ್ಲವಾದ್ದರಿಂದ ಆ ವಾದವನ್ನು ಹಗುರವಾಗಿ ಕಾಣುವಂತಿಲ್ಲ.

2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧಸ್ಮಾರಕ ಒಂದು ದೊಡ್ಡ ಕೊರತೆಯನ್ನು ತುಂಬಿತು. ಇಂಥದ್ದೊಂದು ಬೇಕೆಂಬ ಬೇಡಿಕೆ 1960ರ ದಶಕದಿಂದಲೂ ಇತ್ತು. ಅಲ್ಲಿನ ತ್ಯಾಗ ಚಕ್ರದ ಗ್ರಾನೈಟ್ ಫಲಕಗಳಲ್ಲಿ 1947ರಿಂದೀಚೆಗೆ ಮಡಿದ 25,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ, ಕಣ್ಣಿಗೆ ಸಿಗುವ, ಬೆರಳಿಗೆ ಮುಟ್ಟುವ ಎತ್ತರದಲ್ಲಿವೆ. ದೊಡ್ಡ ಯುದ್ಧಗಳಲ್ಲಿ ಸತ್ತವರ ಜೊತೆಗೆ ಶ್ರೀಲಂಕಾಕ್ಕೆ ಶಾಂತಿಪಾಲನೆಗೆಂದು ಹೋಗಿ ಸತ್ತವರೂ ಅಲ್ಲಿದ್ದಾರೆ. 1987ರಿಂದ 1990ರವರೆಗಿನ ಆ ಕಾರ್ಯಾಚರಣೆಯಲ್ಲಿ ಸತ್ತ ಸುಮಾರು 1,200 ಭಾರತೀಯ ಸೈನಿಕರಿಗೆ ಕೊಲಂಬೊದ ಬಳಿ ಶ್ರೀಲಂಕಾ ಸರ್ಕಾರವೇ ಸ್ಮಾರಕ ಕಟ್ಟಿಸಿತ್ತು. ಆದರೆ ಅವರನ್ನು ಕಳಿಸಿದ ದೇಶದಲ್ಲಿ ಅವರ ನೆನಪು ಬಹುಕಾಲ ಮುಜುಗರದ ವಿಷಯವಾಗಿತ್ತು. ಗೆಲುವೆಂದೂ ಸೋಲೆಂದೂ ಹೇಳಲಾಗದ ಯುದ್ಧದಲ್ಲಿ ಸತ್ತವನ ಮನೆಯವರಿಗೆ ಸಾರ್ವಜನಿಕ ಮೌನ ಎಷ್ಟು ಭಾರವಾಗಿರುತ್ತದೆ ಎಂಬುದನ್ನು ಆ ಕುಟುಂಬಗಳು ಬಲ್ಲವು.

ಇದರಲ್ಲೂ 1947 ಎಂಬ ಗೆರೆ ಒಂದು ಆಯ್ಕೆಯೇ. ಎರಡನೆಯ ಮಹಾಯುದ್ಧದಲ್ಲಿ 25 ಲಕ್ಷ ಭಾರತೀಯರು ಸೇವೆ ಸಲ್ಲಿಸಿ ಸುಮಾರು 87,000 ಮಂದಿ ಸತ್ತರು. ಕೊಹಿಮಾ ಮತ್ತು ಇಂಫಾಲದಲ್ಲಿ ಅವರು ಕಾದಿದ್ದು ಇಂದಿನ ಭಾರತದ ನೆಲದಲ್ಲೇ. ಎದುರುಗಡೆ ಜಪಾನಿನ ಸೈನ್ಯದ ಜೊತೆ ಆಜಾದ್ ಹಿಂದ್ ಫೌಜಿನ ಭಾರತೀಯರೂ ಇದ್ದರು. ಒಂದೇ ಊರಿನ ಇಬ್ಬರು ಎದುರುಬದುರಾಗಿ ನಿಂತ ಯುದ್ಧವನ್ನು ಯಾವ ಒಂದು ಗೋಡೆಯೂ ಸುಲಭವಾಗಿ ಹಿಡಿದಿಡಲಾರದು. ಹಾಗಾಗಿ 1947ರ ಗೆರೆ ಅರ್ಥವಾಗುವಂಥದ್ದೇ. ಆದರೆ ಆ ಗೆರೆಯಾಚೆ ಉಳಿದವರ ನೆನಪನ್ನು ಇನ್ನೂ ಬಹುಪಾಲು ಕಾಮನ್‌ವೆಲ್ತ್ ಆಯೋಗವೇ ನೋಡಿಕೊಳ್ಳುತ್ತಿದೆ ಎಂಬುದನ್ನು ನಾವು ಮರೆಯಬಾರದು.

ಸರ್ಕಾರದ ನೆನಪು ಹೀಗಾದರೆ ಮನುಷ್ಯರ ನೆನಪು ಬೇರೆ ಬಗೆಯದು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ ಭಾರತೀಯರನ್ನು ಬರ್ಲಿನ್ ಬಳಿಯ ವ್ಯೂನ್ಸ್‌ಡಾರ್ಫ್‌ನ ಅರ್ಧಚಂದ್ರ ಶಿಬಿರದಲ್ಲಿ ಇಟ್ಟಿದ್ದರು. ಭಾಷಾಶಾಸ್ತ್ರಜ್ಞರು ಮತ್ತು ಸಂಗೀತಶಾಸ್ತ್ರಜ್ಞರ ಒಂದು ಆಯೋಗ ಅಲ್ಲಿ ಕೈದಿಗಳ ಮಾತು, ಹಾಡು, ಕಥೆಗಳನ್ನು ಧ್ವನಿಮುದ್ರಿಸಿತು. ಆ ತಟ್ಟೆಗಳು ಇಂದಿಗೂ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹದಲ್ಲಿವೆ. ಅವುಗಳಲ್ಲಿ 1916ರಲ್ಲಿ ಮುದ್ರಿಸಿದ ಪಂಜಾಬಿನ ಸಿಪಾಯಿಯೊಬ್ಬನ ಧ್ವನಿ ಇದೆ. ಅವನು ತನ್ನನ್ನು ನಾನು ಎನ್ನುವುದಿಲ್ಲ. ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದು ಹಾಲು ಕುಡಿಯುತ್ತಿದ್ದ ಒಬ್ಬ ಮನುಷ್ಯನಿದ್ದ ಎಂದು ಕಥೆಯ ಧಾಟಿಯಲ್ಲಿ ಶುರುಮಾಡುತ್ತಾನೆ. ಆ ಮನುಷ್ಯ ಯುರೋಪಿನ ಯುದ್ಧಕ್ಕೆ ಬಂದ, ಸೆರೆಸಿಕ್ಕ, ಊರಿಗೆ ಹೋಗುವ ಆಸೆ ಅವನಿಗೆ, ಇನ್ನೆರಡು ವರ್ಷ ಇಲ್ಲೇ ಇದ್ದರೆ ಸತ್ತುಹೋಗುತ್ತಾನೆ ಎನ್ನುತ್ತಾನೆ. ವಿಜ್ಞಾನಿಗಳಿಗೆ ಬೇಕಾಗಿದ್ದದ್ದು ಅವನ ಉಚ್ಚಾರಣೆ. ಅವನು ಅದೇ ಯಂತ್ರದೊಳಗೆ ತನ್ನ ಬದುಕನ್ನು ಇಟ್ಟುಹೋದ. ಸಾಮ್ರಾಜ್ಯ, ಕರ್ತವ್ಯ, ಕೀರ್ತಿಗಳ ಮಾತು ಅಲ್ಲಿ ಇಲ್ಲವೇ ಇಲ್ಲ. ಅದೇ ಸಾಮ್ರಾಜ್ಯ ಯುದ್ಧದ ಬಳಿಕ ಭಾರತದ ಹಳ್ಳಿಗಳಲ್ಲಿ ನೆಡಿಸಿದ ಕಲ್ಲುಗಳಲ್ಲಿ ಬರೆಸಿದ್ದೇನೆಂದರೆ, ಈ ಹಳ್ಳಿಯಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಎರಡು ಸಾಲು. ಅಲ್ಲೂ ಹೆಸರಿಲ್ಲ.

ಒಬ್ಬ ವ್ಯಕ್ತಿಯ ನೆನಪು ಎಷ್ಟು ಆಕಸ್ಮಿಕಗಳ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಕಥೆಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡಕ್ಕೆ ಅವರು ಕಾಯ್ದಿರಿಸಿದ ಪೈಲಟ್ ಆಗಿದ್ದರು. ಒಂದು ವಿಮಾನ ಹಿಂದುಳಿದ ಕಾರಣ ಅವರೂ ಹೊರಟರು, ಮರಳಲಿಲ್ಲ. ಅವರಿಗೆ ಏನಾಯಿತೆಂಬುದು ಭಾರತದಲ್ಲಿ ಯಾರಿಗೂ ತಿಳಿಯಲಿಲ್ಲ. 1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬರೆದಾಗ, ಶಬ್ದಕ್ಕಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹಳೆಯ ಮಿಸ್ಟೇರ್ ಒಂದು ಹೊಡೆದುರುಳಿಸಿತ್ತು ಎಂಬ ಸಂಗತಿ ಹೊರಬಂತು. ಭಾರತೀಯ ವಾಯುಪಡೆ ತನ್ನ ದಾಖಲೆಗಳನ್ನು ಮತ್ತೆ ಜೋಡಿಸಿ ನೋಡಿ, ಅದು ದೇವಯ್ಯ ಅವರೇ ಎಂಬ ತೀರ್ಮಾನಕ್ಕೆ ಬಂತು. 1988ರಲ್ಲಿ, ಅವರು ಸತ್ತು 23 ವರ್ಷಗಳ ಬಳಿಕ, ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಇಂದು ಅವರ ಹೆಸರಿನ ವೃತ್ತವಿದೆ. ಎದುರಾಳಿಯ ಕಡೆಯವರು ತಮ್ಮ ನಷ್ಟವನ್ನು ಒಪ್ಪಿಕೊಂಡು ಹೇಳದೆ ಹೋಗಿದ್ದರೆ, ಈ ನೆನಪು ನಮಗೆ ದಕ್ಕುತ್ತಿರಲಿಲ್ಲ. ಯುದ್ಧದ ನೆನಪನ್ನು ಒಂದು ದೇಶ ಒಬ್ಬಂಟಿಯಾಗಿ ಕಟ್ಟಿಕೊಳ್ಳಲಾಗದು ಎಂಬುದನ್ನು ಮಡಿಕೇರಿಯ ಈ ವೃತ್ತ ನನಗೆ ತೋರಿಸಿಕೊಡುತ್ತದೆ.

1962ರ ರೆಜಾಂಗ್ ಲಾದ ಕಥೆಯೂ ಇದಕ್ಕೆ ಹತ್ತಿರದ್ದು. ನವೆಂಬರ್ 18ರಂದು ಲಡಾಖಿನ ಆ ಕಣಿವೆಯಲ್ಲಿ ಕುಮಾವ್ ರೆಜಿಮೆಂಟಿನ ಒಂದು ಕಂಪನಿಯ ನೂರಕ್ಕೂ ಹೆಚ್ಚು ಸೈನಿಕರು ಕೊನೆಯವರೆಗೆ ಕಾದಿ ಸತ್ತರು. ಬದುಕುಳಿದ ಕೆಲವರು ಹೇಳಿದ್ದನ್ನು ಮೊದಲು ಎಲ್ಲರೂ ನಂಬಲಿಲ್ಲ. 1963ರ ಫೆಬ್ರುವರಿಯಲ್ಲಿ ಕುರಿಗಾಹಿಯೊಬ್ಬ ಹಿಮದಲ್ಲಿ, ಕಂದಕಗಳಲ್ಲೇ, ಕೈಯಲ್ಲಿ ಆಯುಧಗಳಿದ್ದ ದೇಹಗಳನ್ನು ಕಂಡ ಮೇಲೆ ಆ ಮಾತು ನಿಜವಾಯಿತು. ಸೋತ ಯುದ್ಧಗಳಿಗೆ ವಿಜಯ ದಿವಸಗಳಿರುವುದಿಲ್ಲ. 1971ಕ್ಕೆ ಡಿಸೆಂಬರ್ 16 ಇದೆ, ಕಾರ್ಗಿಲ್‌ಗೆ ಜುಲೈ 26 ಇದೆ. 1962ಕ್ಕೆ ಅಂಥ ರಾಷ್ಟ್ರೀಯ ದಿನವಿಲ್ಲ. ಸೋಲಿನಲ್ಲಿ ಸತ್ತವರ ತ್ಯಾಗ ಗೆಲುವಿನಲ್ಲಿ ಸತ್ತವರದಕ್ಕಿಂತ ಕಡಿಮೆಯದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಂಚಾಂಗ ಮಾತ್ರ ಹಾಗೆ ಹೇಳುತ್ತಿರುವಂತಿದೆ.

ಕಾರ್ಗಿಲ್ ಯುದ್ಧ ಭಾರತೀಯರು ಸೈನಿಕರನ್ನು ನೆನೆಯುವ ಬಗೆಯನ್ನೇ ಬದಲಿಸಿತು. ಅದಕ್ಕೆ ಮುಂಚೆ ಮಡಿದ ಸೈನಿಕರ ಅಂತ್ಯಸಂಸ್ಕಾರ ಸಾಮಾನ್ಯವಾಗಿ ಯುದ್ಧಭೂಮಿಯ ಹತ್ತಿರವೇ ನಡೆದು, ಮನೆಗೆ ತಂತಿ ಮತ್ತು ಚಿತಾಭಸ್ಮ ಬರುತ್ತಿದ್ದವು. 1999ರಲ್ಲಿ 527 ಮಂದಿ ಮಡಿದಾಗ ಪಾರ್ಥಿವ ಶರೀರಗಳನ್ನು ಊರಿಗೆ ಕಳಿಸಲಾಯಿತು, ದೂರದರ್ಶನದ ಹೊಸ ವಾಹಿನಿಗಳು ಆ ಮೆರವಣಿಗೆಗಳನ್ನು ಮನೆಮನೆಗೆ ತಂದವು. ದೂರದ ಗಡಿಯ ಯುದ್ಧ ಮೊದಲ ಬಾರಿಗೆ ಊರಿನ ಬಸ್ ನಿಲ್ದಾಣದ ಮುಂದೆ ಬಂದು ನಿಂತಿತು. ಆಗಿನಿಂದ ಯೋಧನೊಬ್ಬ ಮಡಿದರೆ ಊರಿಗೆ ಊರೇ ಸೇರಿ, ಶಾಲೆಯ ಮಕ್ಕಳು ಬಾವುಟ ಹಿಡಿದು ನಿಂತು, ಕುಶಾಲತೋಪು ಹಾರಿಸಿ ಕಳಿಸಿಕೊಡುವುದು ಕರ್ನಾಟಕದ ಹಳ್ಳಿಗಳಲ್ಲೂ ರೂಢಿಯಾಗಿದೆ. ಈ ಗೌರವ ನಿಜವಾದದ್ದು, ಜನ ಮನಸಾರೆ ಸಲ್ಲಿಸುವಂಥದ್ದು. ಅಂದು ಗಡಿಯಾಚೆ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಸತ್ತವರು ತನ್ನ ಸೈನಿಕರೇ ಅಲ್ಲವೆಂದು ಪಾಕಿಸ್ತಾನ ಹೇಳುತ್ತಿದ್ದ ದಿನಗಳಲ್ಲಿ, ಬೆಟ್ಟದ ಮೇಲೆ ಬಿಟ್ಟುಹೋದ ಅವರ ದೇಹಗಳಲ್ಲಿ ಎಷ್ಟನ್ನೋ ಭಾರತೀಯ ಸೈನಿಕರೇ ಇಸ್ಲಾಮಿನ ವಿಧಿಯಂತೆ ಮಣ್ಣು ಮಾಡಿದರು. 2010ರಲ್ಲಿ ಪಾಕಿಸ್ತಾನ ಸೇನೆಯ ಜಾಲತಾಣದಲ್ಲಿ 453 ಹೆಸರುಗಳ ಪಟ್ಟಿ ಕಾಣಿಸಿಕೊಂಡಿತು. ಹನ್ನೊಂದು ವರ್ಷ ಆ 453 ಮನೆಗಳು ತಮ್ಮ ಮಗ ಎಲ್ಲಿ ಸತ್ತನೆಂದು ಹೊರಗೆ ಹೇಳಿಕೊಳ್ಳಲಾಗದೆ ಬದುಕಿದವು.

ಹೇಳಿಕೊಳ್ಳಲೂ ಆಗದ, ಮುಗಿಸಲೂ ಆಗದ ನೆನಪು ಇನ್ನೊಂದಿದೆ. 1971ರ ಯುದ್ಧದಲ್ಲಿ ಕಾಣೆಯಾದ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ಭಾರತ ನಂಬಿದ 54 ಮಂದಿಯ ಪಟ್ಟಿ ಬಹುಕಾಲದಿಂದ ಇದೆ. ಪಾಕಿಸ್ತಾನ ಅದನ್ನು ಒಪ್ಪಿಲ್ಲ. 2007ರಲ್ಲಿ ಕೆಲವು ಕುಟುಂಬದವರು ಅಲ್ಲಿನ ಜೈಲುಗಳಿಗೇ ಹೋಗಿ ನೋಡಿಬಂದರು, ಫಲ ಸಿಗಲಿಲ್ಲ. ಸತ್ತವನಿಗೆ ತಿಥಿ ಮಾಡಬಹುದು, ಗೋಡೆಯ ಮೇಲೆ ಹೆಸರು ನೋಡಬಹುದು. ಕಾಣೆಯಾದವನ ಮನೆಯಲ್ಲಿ ಎರಡಕ್ಕೂ ಮನಸ್ಸು ಒಪ್ಪುವುದಿಲ್ಲ.

ಇಷ್ಟೆಲ್ಲ ಸೈನಿಕರ ಮಾತಾಯಿತು. ಆಧುನಿಕ ಯುದ್ಧದಲ್ಲಿ ಸಾಯುವವರಲ್ಲಿ ಸೈನಿಕರಲ್ಲದವರೇ ಎಷ್ಟೋ ಬಾರಿ ಹೆಚ್ಚು. ಅವರಿಗೆ ಗೋಡೆಗಳೇ ಇಲ್ಲ ಎನ್ನಬಹುದು. ಬಂಗಾಳದಲ್ಲಿ 1943ರ ಬರಗಾಲದಿಂದ ಸತ್ತವರು ಸುಮಾರು 30 ಲಕ್ಷ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ಅಂದಾಜು. ಚಂಡಮಾರುತ ಒಂದು ಕಾರಣವಾಗಿತ್ತು. ಉಳಿದ ದೊಡ್ಡ ಕಾರಣಗಳು ಯುದ್ಧದವು: ಬರ್ಮಾ ಜಪಾನಿನ ಕೈಗೆ ಹೋಗಿ ಅಕ್ಕಿ ಬರುವುದು ನಿಂತದ್ದು, ಶತ್ರುವಿಗೆ ಸಿಗದಿರಲೆಂದು ಸರ್ಕಾರ ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ತೆಗೆಸಿದ್ದು, ಯುದ್ಧವೆಚ್ಚದಿಂದ ಬೆಲೆ ಏರಿದ್ದು. ಎರಡನೆಯ ಮಹಾಯುದ್ಧದಲ್ಲಿ ಮಡಿದ ಎಲ್ಲ ಭಾರತೀಯ ಸೈನಿಕರ ಮೂವತ್ತು ಪಟ್ಟಿಗೂ ಹೆಚ್ಚು ಜನ ಹೀಗೆ ಸತ್ತರು. ಅವರಿಗಾಗಿ ದೇಶದಲ್ಲಿ ಒಂದು ರಾಷ್ಟ್ರೀಯ ಸ್ಮಾರಕವಿಲ್ಲ. 1942ರಲ್ಲಿ ಬರ್ಮಾದಿಂದ ಕಾಡು ಬೆಟ್ಟ ದಾಟಿ ನಡೆದುಬಂದ ಲಕ್ಷಾಂತರ ಭಾರತೀಯರಲ್ಲಿ ದಾರಿಯಲ್ಲೇ ಬಿದ್ದ ಸಾವಿರಾರು ಮಂದಿಗೂ ಇಲ್ಲ. ಈ ಪ್ರಶ್ನೆ ಹಳೆಯದಾಗಿ ಮುಗಿದುಹೋಗಿಲ್ಲ: 2025ರ ಮೇ ತಿಂಗಳ ನಾಲ್ಕು ದಿನಗಳ ಸಂಘರ್ಷದಲ್ಲಿ ಪೂಂಛ್ ಮತ್ತು ಸುತ್ತಲ ಊರುಗಳಲ್ಲಿ ಷೆಲ್ ದಾಳಿಗೆ ಸಿಕ್ಕು ಸತ್ತ ನಾಗರಿಕರಲ್ಲಿ ಮಕ್ಕಳೂ ಇದ್ದರು. ಮುಂದೆ ಆ ದಿನಗಳನ್ನು ನೆನೆಯುವಾಗ ಕ್ಷಿಪಣಿಗಳ ಹೆಸರು ನಮ್ಮ ಬಾಯಿಗೆ ಬೇಗ ಬರುತ್ತದೋ ಆ ಮಕ್ಕಳ ಹೆಸರೋ ಎಂಬುದನ್ನು ಇಂದಿನ ನಾವೇ ತೀರ್ಮಾನಿಸುತ್ತಿದ್ದೇವೆ.

ನಾಗರಿಕರನ್ನು ಸೇರಿಸಿಕೊಂಡ ಸ್ಮಾರಕಗಳೂ ತಮ್ಮದೇ ಗೆರೆಗಳನ್ನು ಎಳೆದಿವೆ. ಹಿರೋಷಿಮಾದಲ್ಲಿ ಪ್ರತಿವರ್ಷ ಆಗಸ್ಟ್ 6ರಂದು, ಹಿಂದಿನ ವರ್ಷ ತೀರಿಕೊಂಡ ಬಾಂಬ್ ಸಂತ್ರಸ್ತರ ಹೆಸರುಗಳನ್ನು ಪಟ್ಟಿಗೆ ಸೇರಿಸುತ್ತಾರೆ. ಪಟ್ಟಿ ಈಗ 3 ಲಕ್ಷ 40 ಸಾವಿರವನ್ನು ದಾಟಿದೆ. ಆದರೂ ಅಲ್ಲಿ ಸತ್ತ ಕೊರಿಯನ್ನರಿಗೆ, ಅವರಲ್ಲಿ ಎಷ್ಟೋ ಜನರನ್ನು ಬಲವಂತವಾಗಿ ದುಡಿಮೆಗೆ ತಂದಿದ್ದರು, 1970ರಲ್ಲಿ ಕಟ್ಟಿದ ಸ್ಮಾರಕ ಶಾಂತಿ ಉದ್ಯಾನದ ಹೊರಗಿತ್ತು. 1999ರಲ್ಲಷ್ಟೇ ಅದು ಒಳಗೆ ಬಂತು. ವಾಷಿಂಗ್ಟನ್ನಿನ ವಿಯೆಟ್ನಾಂ ಗೋಡೆಯಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರುಗಳಿವೆ, ಆ ಯುದ್ಧದಲ್ಲಿ ಸತ್ತ ಲಕ್ಷಾಂತರ ವಿಯೆಟ್ನಾಮಿಗಳು ಅದರ ಲೆಕ್ಕದಲ್ಲಿ ಇಲ್ಲ. ಶ್ರೀಲಂಕಾದಲ್ಲಿ 2009ರಲ್ಲಿ, ಅಂತರ್ಯುದ್ಧದ ಕೊನೆಯ ದಿನಗಳಲ್ಲಿ, ಮುಳ್ಳಿವಾಯ್ಕಾಲ್‌ನಲ್ಲಿ ಸತ್ತ ತಮಿಳರಿಗಾಗಿ ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿ ಕಟ್ಟಿದ್ದ ಸ್ಮಾರಕವನ್ನು 2021ರ ಜನವರಿಯಲ್ಲಿ ಕೆಡವಲಾಯಿತು. ವಿದ್ಯಾರ್ಥಿಗಳು ಉಪವಾಸ ಕೂತ ಮೇಲೆ ಕೆಲವೇ ತಿಂಗಳಲ್ಲಿ ಮತ್ತೆ ಕಟ್ಟಬೇಕಾಯಿತು.

ಈ ಎಲ್ಲದರಿಂದ ಬೇರೆಯಾಗಿ ನಿಲ್ಲುವುದು ಒಕಿನಾವಾ. ಆ ದ್ವೀಪದಲ್ಲಿ 1945ರ ಮೂರು ತಿಂಗಳ ಕದನದಲ್ಲಿ ಅಲ್ಲಿನ ಜನಸಂಖ್ಯೆಯ ದೊಡ್ಡ ಭಾಗವೇ ನಾಶವಾಯಿತು. 1995ರಲ್ಲಿ ಅಲ್ಲಿ ಕಪ್ಪು ಕಲ್ಲಿನ ಗೋಡೆಗಳನ್ನು ನಿಲ್ಲಿಸಿ, ಒಕಿನಾವಾದ ರೈತರು ಮಕ್ಕಳು, ಜಪಾನಿನ ಸೈನಿಕರು, ಅವರ ಮೇಲೆ ದಾಳಿಗೆ ಬಂದ ಅಮೆರಿಕನ್ನರು ಮತ್ತು ಬ್ರಿಟಿಷರು, ಜೊತೆಗೆ ಅಲ್ಲಿ ಸತ್ತ ಕೊರಿಯನ್ನರು, ತೈವಾನಿನವರು ಎಲ್ಲರ ಹೆಸರುಗಳನ್ನೂ ಕೆತ್ತಲಾಯಿತು. ಒಟ್ಟು 2 ಲಕ್ಷ 40 ಸಾವಿರಕ್ಕೂ ಹೆಚ್ಚು. ಕೆಲವು ಕೊರಿಯನ್ ಕುಟುಂಬಗಳು ತಮ್ಮವರ ಹೆಸರನ್ನು ಅವರನ್ನು ಎಳೆದುತಂದವರ ಪಕ್ಕದಲ್ಲಿ ಕೆತ್ತಿಸಲು ಒಪ್ಪಲಿಲ್ಲ. ಆ ನಿರಾಕರಣೆಗೆ ನ್ಯಾಯವಿದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ ಯಾರು ಯಾರಿಗೆ ಏನು ಮಾಡಿದರೆಂಬುದು ಮಸುಕಾಗುವ ಅಪಾಯವಿದೆ. ಆದರೂ, ಮೊದಲು ಎಲ್ಲರನ್ನೂ ಹೆಸರಿಸೋಣ, ಆಮೇಲೆ ವಾದ ಮಾಡೋಣ ಎಂಬ ಅದರ ಕ್ರಮವೇ ನನಗೆ ಸರಿಯೆನಿಸುತ್ತದೆ. ಹೆಸರೇ ಇಲ್ಲದವರ ಬಗ್ಗೆ ವಾದವೂ ನಡೆಯುವುದಿಲ್ಲ.

ಕೆಲಸ ಸಾಧ್ಯವೆಂಬುದಕ್ಕೆ ಈಗ ಸಾಕಷ್ಟು ಪುರಾವೆ ಇದೆ. ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಒಂದು ಶತಮಾನ ಹಾಗೇ ಬಿದ್ದಿದ್ದ ದಾಖಲೆ ಪುಸ್ತಕಗಳಿಂದ, ಮೊದಲನೆಯ ಮಹಾಯುದ್ಧಕ್ಕೆ ಹೋದ ಅವಿಭಜಿತ ಪಂಜಾಬಿನ 3 ಲಕ್ಷ 20 ಸಾವಿರ ಮಂದಿಯ ವಿವರಗಳನ್ನು, ಹಳ್ಳಿಹಳ್ಳಿಯಾಗಿ, ಡಿಜಿಟಲ್ ರೂಪಕ್ಕೆ ತರುವ ಕೆಲಸ ಶುರುವಾಗಿದೆ. ಬ್ರಿಟನ್ನಿನಲ್ಲಿರುವ ಪಂಜಾಬಿ ಮನೆತನಗಳವರು ತಮ್ಮ ಮುತ್ತಜ್ಜನ ಹೆಸರನ್ನು ಅಲ್ಲಿ ಹುಡುಕುತ್ತಿದ್ದಾರೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ, ಕರಿಯರೆಂಬ ಕಾರಣಕ್ಕೆ ಆಯುಧವನ್ನೂ ಕೊಡದೆ, ಸತ್ತ ಮೇಲೆ ಹೆಸರನ್ನೂ ಕೊಡದೆ ಬಿಟ್ಟಿದ್ದ, ಅದೇ ಯುದ್ಧದ 1,700ಕ್ಕೂ ಹೆಚ್ಚು ಕಾರ್ಮಿಕರ ಹೆಸರುಗಳ ಸ್ಮಾರಕವನ್ನು 2025ರ ಜನವರಿಯಲ್ಲಿ ತೆರೆಯಲಾಯಿತು. ಒಬ್ಬೊಬ್ಬನಿಗೂ ಒಂದೊಂದು ಮರದ ಕಂಬ.

ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ಬೇಕಾದ ಸಾಮಗ್ರಿ ಚದುರಿಹೋಗಿದ್ದರೂ ಇಲ್ಲದಿಲ್ಲ. ಮೈಸೂರು ಸಂಸ್ಥಾನದ ಕಾಗದಪತ್ರಗಳು ರಾಜ್ಯ ಪತ್ರಾಗಾರದಲ್ಲಿವೆ. ಕಾಮನ್‌ವೆಲ್ತ್ ಆಯೋಗದ ಹೆಸರುಗಳ ಭಂಡಾರ ಈಗ ಯಾರು ಬೇಕಾದರೂ ಮನೆಯಲ್ಲೇ ಕೂತು ಹುಡುಕುವಂತಿದೆ. 1947ರ ಈಚಿನವರ ಪಟ್ಟಿಗಳು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ಸಿಗುತ್ತವೆ. ಕೊಡಗಿನ ಮನೆತನಗಳಲ್ಲಿ, ಬೆಳಗಾವಿ ಬಾಗಲಕೋಟೆಗಳ ಹಳ್ಳಿಗಳಲ್ಲಿ, ಬೆಂಗಳೂರಿನ ದಂಡುಪ್ರದೇಶದ ಹಳೆಯ ಬೀದಿಗಳಲ್ಲಿ ಪದಕಗಳೂ ಪತ್ರಗಳೂ ಪೆಟ್ಟಿಗೆಯಲ್ಲಿ ಇನ್ನೂ ಉಳಿದಿರುವ ಮನೆಗಳಿವೆ. ತಾಲ್ಲೂಕುವಾರು ಇವನ್ನು ಸೇರಿಸುವ ಕೆಲಸವನ್ನು ಒಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಕೈಗೆತ್ತಿಕೊಂಡರೆ ಸಾಕು, ಊರಿನ ಶಾಲೆಗಳ ಮಕ್ಕಳನ್ನು ಜೊತೆಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಪಟ್ಟಿಯಲ್ಲಿ ಸವಾರರ ಜೊತೆಗೆ ಅವರ ಕುದುರೆಗಳಿಗೆ ಹುಲ್ಲು ನೀರು ಹಾಕಿದವರು, ಅಡಿಗೆ ಮಾಡಿದವರು, ಗಾಯಗೊಂಡವರನ್ನು ಹೊತ್ತವರು, ರಸ್ತೆ ಕಡಿದವರು ಕೂಡ ಇರಬೇಕು. ಬಸ್ರಾದ ಕಲ್ಲಿನ ಮೇಲೆ ಲೆಕ್ಕವಾಗಿಯಾದರೂ ಸೇರಿದ ಭಾಗ್ಯ ಇವರಲ್ಲಿ ಎಷ್ಟೋ ಜನರಿಗೆ ಇರಲಿಲ್ಲವಾದ್ದರಿಂದ, ಹುಡುಕಾಟ ಇವರಿಂದಲೇ ಶುರುವಾಗಬೇಕು.